ಪುಕ್ಕಟೆಯ ಒಂದು ಸ್ಟಾರ್

ಒಂದು ಪೋಸ್ಟನ್ನು ಹುಬ್ಬಳ್ಳಿ-ಧಾರವಾಡದ ಜನರ ಫೋನಿಗೆ ಮುಟ್ಟಿಸಲು ದಿನಕ್ಕೆ ಇನ್ನೂರು ರೂಪಾಯಿ ಸಾಕು. ಒಳ್ಳೆಯ ಫೋಟೋಗ್ರಾಫರ್ ಅರ್ಧ ದಿನಕ್ಕೆ ಮೂರು ಸಾವಿರ ಕೇಳುತ್ತಾನೆ. ಒಂದು ರೀಲ್ ತೆಗೆದು, ಕತ್ತರಿಸಿ, ಹಾಡು ಕೂಡಿಸಿ ಕೊಟ್ಟರೆ ಎರಡು ಸಾವಿರ. ಚೌಕಾಸಿ ಮಾಡಿದರೆ ಹದಿನೈದು ನೂರು. ನಮ್ಮ ಕಡೆ ಚೌಕಾಸಿ ಮಾಡದವರು ಯಾರಿದ್ದಾರೆ? ಮನೆಮಂದಿಯೆಲ್ಲ ಹೋಟೆಲಿಗೆ ಹೋಗಿ ಒಂದು ಹೊತ್ತು ಉಂಡ ಖರ್ಚಿನಲ್ಲಿ ಹತ್ತು ಸಾವಿರ ಸುಳ್ಳು ಫಾಲೋವರ್ಸ್ ಕೂಡ ಸಿಗುತ್ತಾರೆ.

ಆದರೆ ಇನ್ನೊಬ್ಬರ ಧಂದೆಗೆ ಒಂದೇ ಒಂದು ಸ್ಟಾರ್ ಕೊಟ್ಟು, ಕೆಳಗೆ ಎರಡು ಸಾಲು ಕೆಟ್ಟದ್ದು ಬರೆಯಲು ಏನೂ ಖರ್ಚಿಲ್ಲ. ಪುಕ್ಕಟೆ.

ಆ ಪುಕ್ಕಟೆಯ ಸ್ಟಾರಿಗೆ ಶಾಂಭವಿ ತೆತ್ತ ಬೆಲೆ ಇಷ್ಟು: ಒಂದು ಸೀರೆ ಅಂಗಡಿ, ಒಂದು ಪೇಢೆ ಅಂಗಡಿ, ಒಂದು ಕೋಚಿಂಗ್ ಕ್ಲಾಸು, ಕೆಲಸಕ್ಕಿದ್ದ ಇಬ್ಬರು ಹುಡುಗಿಯರು, ಮತ್ತು ನೆಮ್ಮದಿಯ ನಿದ್ದೆ.

ಕೊಟ್ಟವನ ಹೆಸರು ಗುರುಬಸವ.

ತಾರಿಹಾಳದಲ್ಲಿ ಅವನದೊಂದು ವರ್ಕ್‌ಶಾಪ್. ಜೋಳದ ರೊಟ್ಟಿ ಮಾಡುವ ಮಷಿನ್ ತಯಾರಿಸುತ್ತಾನೆ. ಹೆಸರು 'ಬಿಸಿಹಂಚು'. ಶಾಂಭವಿಗೆ ನವನಗರದ ಮನೆಯ ಮೇಲಿನ ಕೋಣೆಯಲ್ಲಿ 'ಸವಿಮಾತು ಮೀಡಿಯಾ' ಎಂಬ ಆಫೀಸು. ಅಂಗಡಿ, ಕಾರ್ಖಾನೆಗಳ ಪೇಜು ನೋಡಿಕೊಳ್ಳುವುದು, ಜಾಹೀರಾತು ಬರೆಯುವುದು ಆಕೆಯ ಕೆಲಸ. ಎರಡು ವರ್ಷದ ಹಿಂದೆ ಅವನ ಮಷಿನ್‌ಗಾಗಿ ಆಕೆ ಬರೆದ ಸಾಲು ಇದು: "ರೊಟ್ಟಿ ಬಡಿಯುವ ಕೈಗೆ ಇನ್ನು ಸ್ವಲ್ಪ ಆರಾಮ."

ಮರುದಿನ ಬೆಳಿಗ್ಗೆ ಪೇಜಿನಲ್ಲಿ ಇದ್ದ ಸಾಲು ಬೇರೆ: "ಹೆಂಡತಿ ಬಡಿಯೂದು ಇನ್ನ ಸಾಕು!"

ನಮ್ಮ ಕಡೆ ರೊಟ್ಟಿಯನ್ನು ತಟ್ಟುವುದಿಲ್ಲ, ಬಡಿಯುತ್ತೇವೆ. ಆ ಸಾಲಿನಿಂದ ರೊಟ್ಟಿ ಎಂಬ ಪದವನ್ನು ಯಾರೋ ಕಿತ್ತುಹಾಕಿದ್ದರು. ರೊಟ್ಟಿ ಹೋಗಿ ಬರೀ ಬಡಿತ ಉಳಿದಿತ್ತು. ಕೆಳಗೆ ಕೈಮುಗಿದು ನಗುತ್ತ ನಿಂತ ಗುರುಬಸವನ ಫೋಟೋ. ಅವನಿಗೆ ಮದುವೆಯೇ ಆಗಿರಲಿಲ್ಲ.

ಊರಿನ ಅರ್ಧ ಗಂಡಸರು "ಗುರಣ್ಣಾ, ಭಾಳ ಬಡೀತಾಳೇನೋ?" ಎಂದು ಕೇಳಿದರು. ಹೆಂಗಸರು "ಹೆಂಡ್ತೀನ್ನ ಬಡಿಯೂ ಮಂದಿ ಮಷಿನ್ ನಮಗ್ಯಾಕ?" ಎಂದರು. ಮಷಿನ್ ಕೊಳ್ಳಬೇಕೆಂದಿದ್ದ ಮಹಿಳಾ ಸಂಘಗಳು ಒಂದೊಂದಾಗಿ ಹಿಂದೆ ಸರಿದವು.

"ಆ ಸಾಲು ನಾ ಬರದಿಲ್ಲರಿ" ಎಂದು ಶಾಂಭವಿ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಪೇಜಿನ ಪಾಸ್‌ವರ್ಡ್ ಅವನ ಮನೆಯ ಎಲ್ಲರ ಹತ್ತಿರವೂ ಇತ್ತು; ಅದೂ ಅವನಿಗೆ ಹೊಳೆಯಲಿಲ್ಲ. ಅದೇ ಸಂಜೆ ಗೂಗಲ್‌ನಲ್ಲಿ ಆಕೆಯ ಆಫೀಸಿನ ಹೆಸರಿನ ಕೆಳಗೆ ಒಂದು ಸ್ಟಾರ್ ಬಿತ್ತು. "ಕನ್ನಡ ಬರಲಾರದವರ ಕಡೆ ಕೆಲಸ ಕೊಟ್ಟು ಕೆಟ್ಟೆವು. ಯಾರೂ ಹೋಗಬ್ಯಾಡ್ರಿ."

ಶಾಂಭವಿಯ ತಾಯಿ ಪ್ರಭಾವತಿ ಧಾರವಾಡದ ಶಾಲೆಯಲ್ಲಿ ಜೀವಮಾನವಿಡೀ ಕನ್ನಡ ಕಲಿಸಿದವರು. ಕಳ್ಳಿ ಅಂದಿದ್ದರೂ ಶಾಂಭವಿ ನಕ್ಕು ಬಿಡುತ್ತಿದ್ದಳು. ಧಾರವಾಡದ ಹುಡುಗಿಗೆ ಕನ್ನಡ ಬರುವುದಿಲ್ಲ ಎಂದರೆ ಬಿಡುವ ಮಾತಲ್ಲ.

ಆಕೆಯೂ ಸಿಟ್ಟಿನಲ್ಲಿ ಒಂದು ಪುಟ ಉತ್ತರ ಬರೆದಳು. ಗಿರಾಕಿಗಳಿಗೆಲ್ಲ ಮಾಡಬೇಡಿ ಎಂದು ಹೇಳಿಕೊಡುತ್ತಿದ್ದ ತಪ್ಪನ್ನು ತಾನೇ ಮಾಡಿದಳು. ನೋಡದವರೂ ಆ ಉತ್ತರದಿಂದಾಗಿ ನೋಡಿದರು.

ಅಂದು ಆಕೆ ತೀರ್ಮಾನಿಸಿದಳು. ಆ ಮಾತನ್ನು ಅವನು ಎಲ್ಲರ ಮುಂದೆ ತಿರುಗಿ ನುಂಗಬೇಕು. ನುಂಗದಿದ್ದರೆ ನುಂಗಿಸಬೇಕು.

*

"ಒಳಗ ಬರ್ಲೇನ್ರಿ?"

ಶಾಂಭವಿ ತಲೆ ಎತ್ತಿದಳು. ಈ ಎರಡು ವರ್ಷದಲ್ಲಿ ಈ ಬಾಗಿಲಲ್ಲಿ ಗುರುಬಸವನನ್ನು ಆಕೆ ಮನಸ್ಸಿನಲ್ಲೇ ಎಷ್ಟೋ ಸಲ ನಿಲ್ಲಿಸಿದ್ದಳು. ಆ ಗುರುಬಸವ ಸೊರಗಿರುತ್ತಿದ್ದ, ಗಡ್ಡ ಬಿಟ್ಟಿರುತ್ತಿದ್ದ, ಕಣ್ಣು ಕೆಳಗೆ ಹಾಕಿರುತ್ತಿದ್ದ. ನಿಜವಾಗಿ ಬಂದವನು ಮೊದಲಿಗಿಂತ ಸ್ವಲ್ಪ ಚೆಂದ ಕಾಣುತ್ತಿದ್ದ. ಅದೊಂದು ಹೊಸ ಅವಮಾನ.

"ದಾರಿ ತಪ್ಪಿ ಬಂದ್ರೇನ್ರಿ? ಇದು ಕನ್ನಡ ಬರಲಾರದವರ ಆಫೀಸು."

"ಬೋರ್ಡ್ ಓದೇ ಬಂದೇನ್ರಿ."

"ಓದಾಕ ಬರತೈತಿ ಹಂಗಾರ. ಛಲೋ ಆತು."

ಅವನು ನಗಲು ಹೋಗಿ, ಆಕೆಯ ಮುಖ ನೋಡಿ, ನಗೆಯನ್ನು ಅರ್ಧಕ್ಕೇ ನಿಲ್ಲಿಸಿದ. "ಹೊಸಾ ಮಾಡಲ್ ಮಾಡೇನ್ರಿ. ಸಣ್ಣದು, ಮನ್ಯಾಗ ಇಡೂವಂಥಾದ್ದು. ಬೆಳಗಾವಿಯ ಡೀಲರ್ ಒಬ್ಬರು ನೋಡಾಕ ಬರತಾರ. ಅಷ್ಟರಾಗ ಜನಕ್ಕ ಗೊತ್ತಾಗಬೇಕು. ಹೊಸಾ ಪೇಜ್ ತೆಗದೇನಿ. ನೀವ ನೋಡಿಕೋಬೇಕು."

"ಹಳೇ ಪೇಜ್ ಯಾಕ ಬಿಟ್ರಿ? ಮೂರು ಸಾವಿರ ಮಂದಿ ಇದ್ರು ಅದರಾಗ."

"ಅದರ ಚಾವಿ ಕಳದೈತ್ರಿ."

ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡಳು. ಕುರ್ಚಿಗೆ ಒರಗಿ ಅವನನ್ನು ನೇರವಾಗಿ ನೋಡಿದಳು.

"ಊರಾಗ ಬ್ಯಾರೆ ಯಾರೂ ಸಿಗಲಿಲ್ಲೇನು?"

"ನಿಮ್ಮಷ್ಟು ಛಲೋ ಬರಿಯೋರು ಸಿಗಲಿಲ್ಲರಿ."

"ಅದನ್ನ ಅಲ್ಲೇ ಬರೀರಲ್ಲ. ಆ ಸ್ಟಾರ್ ಇನ್ನೂ ಐತಿ. ಮುಂಜಾನೆದ್ದು ಹಲ್ಲು ತಿಕ್ಕೂಕಿಂತ ಮೊದಲ ನಾ ಅದರ ದರ್ಶನಾ ಮಾಡ್ತೇನಿ."

ಅವನ ಕಿವಿಯ ತುದಿ ಕೆಂಪಾಯಿತು. "ಅದರದೊಂದು ಫಜೀತಿ ಐತ್ರಿ. ಈಗ ಹೇಳಾಕ ಬರಂಗಿಲ್ಲ. ಆದಮ್ಯಾಲೆ ಹೇಳ್ತೇನಿ."

ಫಜೀತಿ! ಆಕೆಯ ಎರಡು ವರ್ಷ ಅವನಿಗೊಂದು ಫಜೀತಿ.

ಹೊರಗೆ ಹೋಗಿ ಎನ್ನಬೇಕಿತ್ತು. ಆದರೆ ಆಗಲೇ ಆಕೆಗೆ ದಾರಿ ಹೊಳೆಯಿತು. ಈ ಕೆಲಸದಲ್ಲಿ ಗಿರಾಕಿಯನ್ನು ಮುಳುಗಿಸಲು ಸುಳ್ಳು ಹೇಳಬೇಕಾಗಿಲ್ಲ, ಮೋಸ ಮಾಡಬೇಕಾಗಿಲ್ಲ. ಅವನು ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡಿದರೆ ಸಾಕು. ಆಕೆಯ ನಿಜವಾದ ಕೆಲಸ ಗಿರಾಕಿಯ ತಪ್ಪು ಯೋಚನೆಗೆ 'ಬೇಡ' ಅನ್ನುವುದೇ ಆಗಿತ್ತು. ಆ ಬೇಡವನ್ನು ಇವನಿಗೆ ಕೊಡುವುದಿಲ್ಲ.

ಶಾಂಭವಿ ಮೊದಲ ಸಲ ನಕ್ಕಳು.

"ಆತ್ರಿ" ಎಂದಳು.

*

"ಮಷಿನ್ ಫೋಟೋಕಿಂತ ಮೊದಲ ನನ್ನ ಫೋಟೋ ಹಾಕ್ರಿ. ಬಾಜೂಕ ನಮ್ಮ ಕಾಕಾಂದು."

"ಆತ್ರಿ."

"ಸಂಕ್ರಾಂತಿ, ಶಿವರಾತ್ರಿ, ಯುಗಾದಿ, ಒಂದೂ ಬಿಡಬ್ಯಾಡ್ರಿ. ಎಲ್ಲಾಕ್ಕೂ ಶುಭಾಶಯ."

"ಆತ್ರಿ."

"ರೇಟ್ ಬರಿಯೂದು ಬ್ಯಾಡ. ಕೇಳಿದವರಿಗೆ ಇನ್‌ಬಾಕ್ಸ್ ಮಾಡ್ರಿ ಅನ್ನೂಣು."

"ಆತ್ರಿ."

ಬೆಲೆ ಬರೆಯದ ಜಾಹೀರಾತನ್ನು ನೋಡಿ ನಮ್ಮ ಜನ ತುಟ್ಟಿ ಇರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ಇನ್‌ಬಾಕ್ಸಿಗೆ ಬಂದು ಕೇಳುವ ವ್ಯವಧಾನ ಯಾರಿಗೂ ಇಲ್ಲ. ಹಬ್ಬದ ಶುಭಾಶಯಕ್ಕೆ ಕೈಮುಗಿಯುತ್ತಾರೆ, ಮಷಿನ್ ಕೊಳ್ಳುವುದಿಲ್ಲ. ಇದೆಲ್ಲ ಶಾಂಭವಿಗೆ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ಪ್ರತಿ ಸಲ ಸೌಮ್ಯವಾಗಿ ನಗುತ್ತಿದ್ದಳು.

"ಇಡೀ ಭಾರತಕ್ಕ ತೋರಸ್ರಿ" ಎಂದ ಒಂದು ದಿನ. ಜೋಳದ ರೊಟ್ಟಿಯ ಮಷಿನ್ ಅಸ್ಸಾಮಿನ ಜನರಿಗೂ ಕಾಣಿಸಿತು. "ಫಾಲೋವರ್ಸ್ ಕಡಿಮಿ ಅದಾರ, ಕೊಂಡು ಹಾಕ್ರಿ" ಎಂದ. ಮರುದಿನವೇ ಹತ್ತು ಸಾವಿರ ಜನ ಬಂದರು. ಒಬ್ಬರ ಹೆಸರನ್ನೂ ಓದಲು ಬರುವಂತಿರಲಿಲ್ಲ.

"ಭಾಳ ಛಲೋ ನಡದೈತಲ್ಲರಿ!" ಎಂದ, ಪರದೆಯ ಮೇಲಿನ ಸಂಖ್ಯೆ ನೋಡಿ.

"ಭಾಳ ಛಲೋ ನಡದೈತ್ರಿ."

ಅವನು ಆಕೆಯ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. "ಎರಡು ವರ್ಷದ ಹಿಂದ ಒಂದು ಅಕ್ಷರಕ್ಕ ನೀವು ನನ್ನ ಕೂಡ ಅರ್ಧ ತಾಸು ಜಗಳಾಡಿದ್ರಿ. ನೆನಪೈತೇನ್ರಿ?"

"ಆವಾಗ ನಂಗ ಕನ್ನಡ ಬರತಿದ್ದಿಲ್ಲಲ್ಲರಿ."

ಅವನು ವರ್ಕ್‌ಶಾಪಿನ ಮೂಲೆಯಲ್ಲಿದ್ದ ಹೊಸ ಮಷಿನ್‌ನ ಕಡೆ ತಿರುಗಿದ.

ತೊಂದರೆ ಶುರುವಾದದ್ದು ಆ ಮಷಿನ್‌ನಿಂದಲೇ. ದಿನವೂ ಮಧ್ಯಾಹ್ನ ಅವನು ನಾಲ್ಕಾರು ರೊಟ್ಟಿ ಮಾಡಿ ನೋಡುತ್ತಿದ್ದ. ತಾನೇ ನೀರು ಕಾಯಿಸಿ, ತಾನೇ ಹಿಟ್ಟು ನಾದಿ. ತೋಳು ಮಡಚಿದ ಅಂಗಿ, ಮುಂಗೈಗೆ ಹಿಟ್ಟು, ಹುಬ್ಬಿಗೆ ಹಿಟ್ಟು. ರೊಟ್ಟಿ ಉಬ್ಬಿ ಮೇಲೆದ್ದಾಗ ಅವನ ಮುಖ ಸಣ್ಣ ಹುಡುಗನದಾಗುತ್ತಿತ್ತು. ಶಾಂಭವಿ ಕ್ಯಾಮೆರಾದೊಳಗಿನಿಂದ ಮಾತ್ರ ಅದನ್ನು ನೋಡುತ್ತಿದ್ದಳು. ಕ್ಯಾಮೆರಾದೊಳಗಿನಿಂದ ನೋಡಿದರೆ ಅದು ಕೆಲಸ.

ಒಂದು ದಿನ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಪಕ್ಕದಲ್ಲಿ ಶೇಂಗಾ ಹಿಂಡಿ ಹಾಕಿ ಆಕೆಯ ಮುಂದೆ ಹಿಡಿದ.

"ಬ್ಯಾಡ್ರಿ. ಹಸಿವಿಲ್ಲ."

"ಸಿಟ್ಟಿನ್ಯಾಗೂ ಉಣಬಹುದ್ರಿ. ಸಿಟ್ಟಿನ ಜಾಗಾ ಬ್ಯಾರೆ, ರೊಟ್ಟಿ ಜಾಗಾ ಬ್ಯಾರೆ."

"ಯಾರಿಗೈತಿ ಸಿಟ್ಟು?"

"ಯಾರಿಗೂ ಇಲ್ಲ ಬಿಡ್ರಿ. ಬೆಣ್ಣಿ ಕರಗಾಕತ್ತೈತಿ."

ಬೆಣ್ಣೆ ನಿಜಕ್ಕೂ ಕರಗುತ್ತಿತ್ತು. ತಟ್ಟೆ ಕೈ ಬದಲಾಗುವಾಗ ಅವನ ಬೆರಳಿನ ಹಿಟ್ಟು ಆಕೆಯ ಬೆರಳಿಗೆ ಅಂಟಿತು. ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಆಕೆ ಆ ಹಿಟ್ಟನ್ನು ಬಹಳ ಹೊತ್ತು ಒರೆಸಲಿಲ್ಲ. ಆಮೇಲೆ ತನ್ನ ಮೇಲೇ ಸಿಟ್ಟು ಬಂದು ಗಟ್ಟಿಯಾಗಿ ಒರೆಸಿದಳು.

ಮರುದಿನ ಕೇಬಲ್ ಹುಡುಕಲು ವರ್ಕ್‌ಶಾಪಿನ ಕಬ್ಬಿಣದ ಕಪಾಟು ತೆಗೆದಾಗ ಒಳಗಿನಿಂದ ಪೇಪರಿನ ಸುರುಳಿಗಳು ಉರುಳಿ ಬಿದ್ದವು. ಒಂದು ಬಿಚ್ಚಿಕೊಂಡಿತು. ಬಳೆ. ಹಸಿರು ಗಾಜಿನ ಬಳೆ. ಹಿಂದೆ ಇನ್ನೂ ಸುರುಳಿಗಳು, ಕೆಂಪು, ನೀಲಿ, ಚುಕ್ಕೆಯವು. ಸ್ಪ್ಯಾನರು, ಬೋಲ್ಟುಗಳ ನಡುವೆ ಒಂದು ಅಂಗಡಿಯಷ್ಟು ಬಳೆ.

"ಇವು ಯಾರಿಗ್ರಿ?"

ಗುರುಬಸವ ಓಡಿ ಬಂದು ಆತುರಾತುರವಾಗಿ ಎತ್ತಿಟ್ಟ. ಕಿವಿ ಮತ್ತೆ ಕೆಂಪಾಗಿತ್ತು. "ಅವು... ಒಂದು ಕೆಲಸಕ್ಕ ತಂದದ್ದುರಿ."

ಗಂಡಸು ಹಸಿರು ಬಳೆ ಕೊಂಡರೆ ಏನು ಕೆಲಸ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮದುವೆ ಗೊತ್ತಾಗಿದೆ. ಆಗಲಿ, ಆಕೆಗೇನು? ಏನೂ ಇಲ್ಲ. ಆ ಸಂಜೆ ಆಕೆ ಅವನ ಪೇಜಿಗೆ ಇನ್ನೂ ಎರಡು ಸಾವಿರ ಸುಳ್ಳು ಜನರನ್ನು ಅವನು ಹೇಳದೆಯೇ ಕೊಂಡು ಹಾಕಿದಳು.

*

ಹೆಬ್ಬಳ್ಳಿಯ ಅಕ್ಕವ್ವ ಪೇಜಿನಲ್ಲಿ ಬರೆದಳು: "ಮಷಿನ್ ಒಯ್ದು ತಿಂಗಳಾತು. ರೊಟ್ಟಿ ಹರೀತಾವ. ಫೋನ್ ಎತ್ತಂಗಿಲ್ಲ. ಹಬ್ಬದ ಶುಭಾಶಯ ಮಾತ್ರ ದಿನಾ ಬರ್ತಾವ."

"ಅಳಸ್ರಿ ಅದನ್ನ" ಎಂದ ಗುರುಬಸವ. "ಬೆಳಗಾವಿಯವರು ನೋಡಿದ್ರ ಏನು ತಿಳಕೊಂಡಾರು?"

ದೂರು ಅಳಿಸಿದರೆ ದೂರುವವರು ಇನ್ನೂ ಜೋರಾಗಿ ದೂರುತ್ತಾರೆ. "ಆತ್ರಿ" ಎಂದು ಶಾಂಭವಿ ಅಳಿಸಿದಳು. ಅಕ್ಕವ್ವ ಪ್ರತಿಯೊಂದು ಶುಭಾಶಯದ ಕೆಳಗೂ ಅದನ್ನೇ ಬರೆದಳು. ಗಣಪತಿಯ ಕೆಳಗೂ ಬರೆದಳು.

ಗುರುಬಸವ ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ ಎದ್ದು ರಿಪೇರಿಯ ಹತ್ಯಾರಗಳ ಚೀಲ ತೆಗೆದುಕೊಂಡ. "ನಡೀರಿ, ಹೋಗೂಣು. ಇದು ಫೋನ್‌ನ್ಯಾಗ ಮುಗಿಯೂದಲ್ಲ."

ಹೆಬ್ಬಳ್ಳಿಯಲ್ಲಿ ಅಕ್ಕವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಾಗಿಲಲ್ಲೇ ನಿಂತಿದ್ದಳು. "ಬಂದೇನಪಾ, ಶುಭಾಶಯ?"

"ಬಂದ್ನೆವ್ವಾ. ತಪ್ಪಾತು."

"ಎಷ್ಟು ಸಲ ಅಳಸೀಯೋ ನನ್ನ ಮಾತು? ನಾ ಎಮ್ಮಿ ಹಾಲು ಹಿಂಡ್ಕೊಂತ ಬರದೇನಿ, ಗೊತ್ತೈತೇನು?"

ಅವನು ನೆಲಕ್ಕೆ ಕೂತು ಮಷಿನ್ ಬಿಚ್ಚಿದ. ಒಂದು ರೋಲರ್ ವಾರೆಯಾಗಿತ್ತು. ಸರಿಮಾಡಿ, ರೊಟ್ಟಿ ಬಂದ ಮೇಲೂ ಏಳಲಿಲ್ಲ. ಅಕ್ಕವ್ವ ಸಾಕು ಅನ್ನುವ ತನಕ ಮಾಡಿ ತೋರಿಸಿದ. ಕೊನೆಗೆ ಆಕೆ ನಕ್ಕು, ಇಬ್ಬರಿಗೂ ಮಜ್ಜಿಗೆ ತಂದಿಟ್ಟಳು. ಆಕೆಯ ಕೈಯಲ್ಲಿ ಹೊಸ ಚುಕ್ಕೆಯ ಬಳೆ.

"ಇವನ ಕೊಟ್ಟದ್ದವ್ವಾ" ಎಂದು ಅಕ್ಕವ್ವ ಕೈ ಅಲ್ಲಾಡಿಸಿ ಶಾಂಭವಿಗೆ ತೋರಿಸಿದಳು. "ಮಷಿನ್ ಕೊಡೂ ಮುಂದ ಕೊಟ್ಟಾನ. ಇಷ್ಟು ಬಳಿ ಎಲ್ಲಿಂದ ತಂದ್ಯೋ ಅಂದ್ರ, ಒಬ್ಬಾಕಿ ಸಂಬಂಧ ತರಾಕತ್ತೇನಿ ಅಂದ. ಆಕಿ ನೀನೇನು?"

"ಅಲ್ಲರಿ" ಎಂದಳು ಶಾಂಭವಿ. ಮಜ್ಜಿಗೆಯ ಲೋಟ ಕೆಳಗಿಟ್ಟಳು. "ನಾ ಕೆಲಸದಾಕಿ."

ಗುರುಬಸವ ಏನೋ ಹೇಳಲು ಹೋದ. ಆಕೆ ಆಗಲೇ ಎದ್ದು ಅಂಗಳ ದಾಟಿದ್ದಳು.

ವಾಪಸು ಬರುವಾಗ ದಾರಿಯುದ್ದಕ್ಕೂ ಆಕೆ ಫೋನಿನಲ್ಲಿ ಬರೆಯುತ್ತ ಬಂದಳು. ಬರೆದದ್ದು ಹೀಗಿತ್ತು: "'ಹೆಂಡತಿ ಬಡಿಯೂದು ಸಾಕು' ಎಂಬ ಸಾಲು ಸವಿಮಾತು ಮೀಡಿಯಾದ್ದಲ್ಲ. ಬಿಸಿಹಂಚಿನವರ ಮನೆಯಲ್ಲೇ ಯಾರೋ ಬರೆದರು, ಕೆಟ್ಟ ಹೆಸರು ಮಾತ್ರ ನಮಗೆ ಬಂತು. ಈ ಪೇಜಿನ ಜನರಲ್ಲಿ ಹನ್ನೆರಡು ಸಾವಿರ ದುಡ್ಡು ಕೊಟ್ಟು ತಂದವರು. ಮಷಿನ್ ಕೊಳ್ಳುವ ಮುಂಚೆ ಮಾಡಿದವರ ಮಾತು ಎಷ್ಟು ಗಟ್ಟಿ ಎಂದು ನೋಡಿರಿ. ಶಾಂಭವಿ, ಕನ್ನಡ ಬರಲಾರದಾಕೆ."

ಜೊತೆಗೆ ಅವನ ಆ ಒಂದು ಸ್ಟಾರಿನ ಫೋಟೋ. ಅವನದೇ ಪೇಜಿನಲ್ಲಿ, ಹೊಸ ಮಾಡೆಲ್ ತೋರಿಸುವ ದಿನವೇ, ಬೆಳಗಾವಿಯ ಡೀಲರ್ ಬರುವುದಕ್ಕೆ ಮುಂಚೆ, ಬೆಳಿಗ್ಗೆ ಹನ್ನೊಂದಕ್ಕೆ ತಾನಾಗಿಯೇ ಹೋಗುವಂತೆ ಸಮಯ ಇಟ್ಟಳು. ಅದಕ್ಕೆ ಶೆಡ್ಯೂಲ್ ಎನ್ನುತ್ತಾರೆ. ಒಮ್ಮೆ ಇಟ್ಟರೆ ನೆನಪಿಟ್ಟುಕೊಳ್ಳುವ ಕೆಲಸವೂ ಇಲ್ಲ.

*

ಆ ದಿನ ವರ್ಕ್‌ಶಾಪಿಗೆ ಮಾವಿನ ತೋರಣ ಕಟ್ಟಿದ್ದರು. ಶಾಂಭವಿ ಹತ್ತು ಗಂಟೆಗೆ ಮುಟ್ಟಿದಾಗ ಗುರುಬಸವ ಬಿಳಿ ಅಂಗಿ ಹಾಕಿ ಬೈಕಿನ ಹತ್ತಿರ ಕಾಯುತ್ತಿದ್ದ.

"ಪ್ಯಾಟಿಗೆ ಹೋಗಿ ಬರೂಣು, ನಡೀರಿ. ಬಳಿ ಅಂಗಡಿಗೆ. ನೀವು ಬರದ ಆಗಂಗಿಲ್ಲಂತ."

"ನನ್ನ ಕೈ ಅಳತಿ ತೊಗೊಂಡು ಯಾರಿಗೆ ಕೊಡವ್ರು?"

"ಅಲ್ಲೇ ಗೊತ್ತಾಗತೈತ್ರಿ. ದಯಮಾಡಿ ಬರ್ರಿ."

ಹೋಗಬಾರದಿತ್ತು. ಆದರೆ ಹನ್ನೊಂದು ಹೊಡೆದಾಗ ಅವನ ಮುಖ ಹೇಗಾಗುತ್ತದೆ ಎಂದು ಹತ್ತಿರದಿಂದ ನೋಡಬೇಕಿತ್ತು. ಎರಡು ವರ್ಷ ಕಾದದ್ದು ಅದಕ್ಕೇ. ಬೈಕ್ ಹತ್ತಿದಳು. ಅವನ ಹೆಗಲು ಹಿಡಿಯದೆ ಹಿಂದಿನ ಕಂಬಿ ಹಿಡಿದಳು.

ದುರ್ಗದಬೈಲಿನ ಒಂದು ಸಂದಿಯಲ್ಲಿ ಅಹಮದಸಾಬನ ಬಳೆ ಅಂಗಡಿ. ಬಿಳಿ ಗಡ್ಡದ ಮುದುಕ ಕನ್ನಡಕದ ಮೇಲಿನಿಂದ ಶಾಂಭವಿಯನ್ನು ನೋಡಿದ.

"ಇವ್ರೇನಪಾ ಆ ಮೇಡಂ?"

"ಇವ್ರ ಕಾಕಾ."

"ಕೂಡ್ರಿ ಮೇಡಮ್ಮಾರ. ಈ ಹುಡುಗ ನಿಮಗೇನರ ಕೆಟ್ಟದ್ದು ಮಾಡ್ಯಾನೇನ್ರಿ?"

ಶಾಂಭವಿಗೆ ಏನೂ ಅರ್ಥವಾಗಲಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು. "ಮಾಡ್ಯಾರ್ರಿ. ಭಾಳ ಕೆಟ್ಟದ್ದು ಮಾಡ್ಯಾರ."

"ಆಂ! ಹಂಗಾರ ಖರೇ ಹೇಳ್ಯಾನ." ಅಹಮದಸಾಬ ಮಂಡಿ ತಟ್ಟಿದ. "ಕೇಳ್ರಿ. ಇವ ತಿಂಗಳಾನುಗಟ್ಟಲೆ ಆತು, ಬರ್ತಾನ, 'ಕಾಕಾ, ನಿಮ್ಮ ಫೋನಿಗೆ ಒಂದು ಓಟಿಪಿ ಬರತೈತಿ, ಹೇಳ್ರಿ' ಅಂತಾನ. ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವರು ಎಷ್ಟು ಹೊಯ್ಕೋತಾರ! ನಾ ಹೇಳ್ತೇನೇನು? ಕಳ್ಳ ಅಂತ ಓಡಿಸಿದೆ. ಮರುದಿನ ಬಂದು ಬಳಿ ತೊಗೊಂಡ. ಮತ್ತ ಬಂದ, ಮತ್ತ ತೊಗೊಂಡ. ಯಾರ ಕೈ ಅಳತಿ ಅಂದ್ರ ಗೊತ್ತಿಲ್ಲ ಅಂತಾನ! ಒಂದಿನ ಸಣ್ಣವು, ಒಂದಿನ ದೊಡ್ಡವು. ಇಂಥಾ ಹುಚ್ಚ ಕಳ್ಳನ್ನ ನಾ ನೋಡಿದ್ದಿಲ್ಲ."

"ನಿಮ್ಮ ಫೋನಿಗೆ ಯಾಕ ಓಟಿಪಿ?" ಎಂದಳು ಶಾಂಭವಿ.

ಗುರುಬಸವ ನೆಲ ನೋಡುತ್ತ ಹೇಳಿದ. "ಆ ಸಾಲು ಕೆಡಸಿದವ ನಮ್ಮ ಕಾಕಾನ ಮಗ ಸೌರಭ. 'ನಿಂದು ಸಪ್ಪಗಿತ್ತು, ನಾ ಖಾರ ಹಾಕ್ದೆ' ಅಂದ, ಪುಣೆಕ್ಕ ಹೋಗೂ ಮುಂದ. ಅವತ್ತ ನಂಗ ಗೊತ್ತಾತು, ನಾ ಎಂಥಾ ತಪ್ಪು ಮಾಡೇನಿ ಅಂತ. ಸ್ಟಾರ್ ತಗೀಬೇಕಂತ ಕುಂತರ ಆ ಅಕೌಂಟಿನ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಹಳೇ ಪೇಜೂ ಅದಕ್ಕ ಕಟ್ಟಿತ್ತು. ಹೊಸಾ ಪಾಸ್‌ವರ್ಡ್ ಮಾಡಬೇಕಂದ್ರ ಓಟಿಪಿ ಬರೂದು ಸೌರಭನ ಹಳೇ ನಂಬರಿಗೆ. ಅವ ರಿಚಾರ್ಜ್ ಮಾಡಲಾರದ ಬಿಟ್ಟಾನ. ಕಂಪನಿಯವರು ಆ ನಂಬರ್ ಈ ಕಾಕಾಗ ಕೊಟ್ಟಾರ."

ಚಾವಿ ಕಳೆದಿದೆ ಎಂದು ಅವನು ಹೇಳಿದ್ದು ಚೇಷ್ಟೆಯಲ್ಲ.

"ನಂಗ ಮೊದಲ ಹೇಳಾಕ ಏನಾಗಿತ್ತು?"

"ಏನಂತ ಹೇಳ್ಲಿ? ನಿಮ್ಮ ಹೆಸರು ಕೆಡಸೇನಿ, ಅಳಸಾಕ ಬರವಲ್ತು ಅಂತ? ಬಾಯಿಲೆ ತಪ್ಪಾತು ಅಂದ್ರ ನಿಮಗ ಏನು ಬಂದಂಗಾತು? ಎಲ್ಲರ ಮುಂದ ಬರದದ್ದು ಎಲ್ಲರ ಮುಂದನ ಹೋಗಬೇಕಿತ್ತು."

"ಹೊಸಾ ಪೇಜಿನಿಂದ ಒಂದು ಸಾಲು ಬರೀಬೇಕಿತ್ತು. ತಪ್ಪು ನಂದು ಅಂತ. ಅದಕ್ಕ ಓಟಿಪಿ ಬೇಕಾಗಿದ್ದಿಲ್ಲ."

ಗುರುಬಸವ ತಲೆ ಎತ್ತಿದ. ಬಾಯಿ ತೆರೆದೇ ಇತ್ತು. "ಹೊಳೀಲಿಲ್ಲರಿ" ಎಂದ.

ಅಹಮದಸಾಬ ಹಣೆ ಬಡಿದುಕೊಂಡ. "ಯಾ ಅಲ್ಲಾ! ಇಷ್ಟು ಬಳಿ ಸುಮ್ಮನ ಒಯ್ದೇನೋ?" ಆಮೇಲೆ ಶಾಂಭವಿಯ ಕಡೆ ತಿರುಗಿದ. "ಆಕಿ ಬಂದು ಖರೇ ಅಂದ್ರ ಕೊಡ್ತೇನಿ ಅಂದಿದ್ದೆ. ಕೊಡ್ಲೇನ್ರಿ?"

ಶಾಂಭವಿ ತಲೆಯಾಡಿಸಿದಳು. ಮುದುಕನ ಫೋನು ಕಿಣಿ ಎಂದಿತು. ಅವನು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದ. ಗುರುಬಸವ ಒತ್ತಿದ. ಎರಡು ವರ್ಷದ ಹಿಂದಿನ ಸಾಲು ಅವನ ಬೆರಳಿನ ಕೆಳಗೆ ಬಂತು.

"ಅಳಸ್ಲೇನ್ರಿ?"

"ಬ್ಯಾಡ. ಅಳಸಿದ್ರ ಮಂದಿಗೆ ಗೊತ್ತಾಗಂಗಿಲ್ಲ. ತಿದ್ರಿ."

ಅವನು ನಿಧಾನಕ್ಕೆ ಬರೆದ. ಬರೆದು ಆಕೆಗೆ ತೋರಿಸಿದ. ಸ್ಟಾರ್ ಐದಾಗಿತ್ತು. ಕೆಳಗೆ: "ಕನ್ನಡ ಬರಲಾರದವ ನಾನು. ಇವರ ತಪ್ಪು ಏನೂ ಇರಲಿಲ್ಲ. ಗುರುಬಸವ."

ಶಾಂಭವಿಗೆ ಅಕ್ಷರಗಳು ಮಸುಕಾದವು. ಕಣ್ಣೊರೆಸಿ, ಮತ್ತೊಮ್ಮೆ ಓದಲು ಹೋಗಿ, ಪರದೆಯ ಮೂಲೆಯಲ್ಲಿದ್ದ ಸಮಯ ನೋಡಿದಳು. ತನ್ನ ಫೋನಿಗೆ ಕೈ ಹಾಕಿದಳು. ಸಂದಿಯಲ್ಲಿ ಸಿಗ್ನಲ್ ಒಂದು ಗೆರೆ ಬಂದು ಹೋಗುತ್ತಿತ್ತು. ಪೇಜು ತೆರೆಯಲೇ ಇಲ್ಲ. ಗುಂಡಗೆ ತಿರುಗುತ್ತಲೇ ಇತ್ತು.

ಗುರುಬಸವನ ಫೋನು ಒಮ್ಮೆ ಅದುರಿತು. ಇನ್ನೊಮ್ಮೆ. ಆಮೇಲೆ ನಿಲ್ಲಲೇ ಇಲ್ಲ.

ಅವನು ಓದಿದ. ಪೂರ್ತಿ ಓದಿದ. ಈ ಮುಖವನ್ನು ನೋಡಲಿಕ್ಕೆಂದೇ ಆಕೆ ಬಂದಿದ್ದಳು. ಈಗ ನೋಡಲಾಗದೆ ಬಳೆಗಳ ಕಡೆ ತಿರುಗಿದಳು.

"ಕೊಡ್ರಿ, ಅಳಸ್ತೇನಿ. ರಸ್ತೆಕ್ಕ ಹೋದ್ರ ಸಿಗ್ನಲ್ ಸಿಗತೈತಿ."

"ಬ್ಯಾಡ್ರಿ."

"ಗುರುಬಸವ್ರ, ಬೆಳಗಾವಿಯವರು ನೋಡ್ತಾರ!"

"ನೋಡ್ಲಿ. ಒಂದು ಸುಳ್ಳೂ ಇಲ್ಲ ಇದರಾಗ. ವ್ಯಾಕರಣದ ತಪ್ಪೂ ಇಲ್ಲ." ಅವನು ಫೋನನ್ನು ಗಾದಿಯ ಮೇಲಿಟ್ಟ. "ಎರಡು ವರ್ಷ ನಿಮ್ಮ ಮ್ಯಾಲಿನ ಮಾತು ಅಲ್ಲೇ ಇತ್ತು. ನನ್ನ ಮ್ಯಾಲಿಂದೂ ಸ್ವಲ್ಪ ದಿನಾ ಇರ್ಲಿ."

ಅಷ್ಟರಲ್ಲೇ ಬೆಳಗಾವಿಯ ಡೀಲರ್ ಕಾರಿನಿಂದಲೇ ಫೋನ್ ಮಾಡಿದರು. ಅವರು ಇನ್ನೂ ಕಿತ್ತೂರು ದಾಟಿರಲಿಲ್ಲ. ಗುರುಬಸವ ಎರಡೇ ಮಾತು ಹೇಳಿದ: "ಹೌದ್ರಿ, ಖರೇ ಐತ್ರಿ." ಆ ಕಡೆಯವರು ಕಾರು ತಿರುಗಿಸಿದರು.

ಶಾಂಭವಿ ತನ್ನ ಫೋನನ್ನೂ ಗಾದಿಯ ಮೇಲಿಟ್ಟಳು.

"ನಾ ಬೇಕಂತನ ಎಲ್ಲಾಕ್ಕೂ ಆತ್ರಿ ಅಂದೇನಿ" ಎಂದಳು ಶಾಂಭವಿ. "ನಿಮ್ಮನ್ನ ಮುಳುಗಸಾಕ."

"ಗೊತ್ತಿತ್ರಿ."

"ಗೊತ್ತಿತ್ತು?"

"ಫೋಟೋ, ಶುಭಾಶಯ ನನ್ನ ದಡ್ಡತನ. ಅಸ್ಸಾಮಿಗೆ ರೊಟ್ಟಿ ಮಷಿನ್ ತೋರಸಾಕೂ ಆತ್ರಿ ಅಂದಾಗ ತಿಳೀತು. ಇಷ್ಟು ಶಾಣ್ಯಾ ಹೆಣಮಗಳು ಒಂದು ಮಾತೂ ಬೈಯಲಾರದ ಇರಬೇಕಾದ್ರ ಸಿಟ್ಟು ಭಾಳ ದೊಡ್ಡದೈತಿ ಅಂತ. ತೀರಿಸಿಕೊಳ್ಳಲಿ ಅಂತ ಸುಮ್ಮನಿದ್ದೆ." ಅವನು ಉಸಿರು ಎಳೆದುಕೊಂಡ. "ಈಗ ಇನ್ನೊಂದು ಕೇಳ್ತೇನಿ. ಇದಕ್ಕ ಮಾತ್ರ ಆತ್ರಿ ಅನ್ನಬ್ಯಾಡ್ರಿ. ಬ್ಯಾಡಾದ್ರ ಬ್ಯಾಡ ಅಂತ ಬೈರಿ. ನನ್ನ... ನನ್ನ ಮದುವಿ ಆಗ್ತೀರೇನ್ರಿ?"

ಅಹಮದಸಾಬ ಕನ್ನಡಕ ತೆಗೆದು ಒರೆಸತೊಡಗಿದ.

ಶಾಂಭವಿ ಎದ್ದು ನಿಂತಳು. ಇಷ್ಟು ತಿಂಗಳಿಂದ ನುಂಗಿದ್ದ ಬೇಡಗಳೆಲ್ಲ ಒಮ್ಮೆಲೇ ಬಂದವು.

"ಮೊದಲು ಪೇಜಿನಿಂದ ನಿಮ್ಮ ಕಾಕಾನ ಫೋಟೋ ತಗೀರಿ. ಅದನ್ನ ನೋಡಿ ಯಾರು ರೊಟ್ಟಿ ತಿಂತಾರ? ರೇಟ್ ದೊಡ್ಡ ಅಕ್ಷರದಾಗ ಬರೀಬೇಕು. ಹನ್ನೆರಡು ಸಾವಿರ ಮಂದೀನ್ನ ಒಬ್ಬರೂ ಬಿಡಲಾರದ ಹೊರಗ ಹಾಕಬೇಕು. ಅಕ್ಕವ್ವ ಏನರ ಬರದ್ರ ಅಳಸಬಾರದು, ಹೋಗಿ ರಿಪೇರಿ ಮಾಡಿ ಬರಬೇಕು. ಪಾಸ್‌ವರ್ಡ್ ಇಬ್ಬರಿಗೇ ಗೊತ್ತಿರಬೇಕು. ಈ ಬಿಳೀ ಅಂಗಿ ನಿಮಗ ಒಪ್ಪಂಗಿಲ್ಲ. ಮತ್ತ ಮದುವಿ ಕಾರ್ಡ್ ನಾ ಬರಿಯಾಕಿ. ಸೌರಭನ ಕೈಗೆ ಕೊಟ್ಟಗಿಟ್ಟೀರಿ!"

ಗುರುಬಸವನ ಮುಖದಲ್ಲಿ ರೊಟ್ಟಿ ಉಬ್ಬಿದಾಗಿನ ನಗೆ ಬಂತು.

"ಆತ್ರಿ" ಎಂದ.

"ಕೈ ಕೊಡವ್ವಾ" ಎಂದು ಅಹಮದಸಾಬ ಆಕೆಯ ಮುಂಗೈ ಹಿಡಿದು ಬೆರಳ ಗೆಣ್ಣು ಒತ್ತಿ ನೋಡಿದ. ಬಿದ್ದು ಬಿದ್ದು ನಕ್ಕ. "ಬೇಟಾ, ಇಷ್ಟು ಒಯ್ದೀಯಲ್ಲ, ಈ ಅಳತಿ ಒಂದೂ ಒಯ್ದಿಲ್ಲೋ!"

*

ಬೆಳಗಾವಿಯ ಆರ್ಡರ್ ಹೋಯಿತು, ಮತ್ತೆ ಬರಲಿಲ್ಲ. ಸುಳ್ಳು ಜನರನ್ನೆಲ್ಲ ತೆಗೆದ ಮೇಲೆ ಪೇಜಿನಲ್ಲಿ ಉಳಿದವರು ನಾಲ್ಕು ನೂರು ಚಿಲ್ಲರೆ, ಎಲ್ಲರೂ ರೊಟ್ಟಿ ತಿನ್ನುವವರು. ಮೊದಲ ಸಣ್ಣ ಮಷಿನ್ ಹೆಬ್ಬಳ್ಳಿಯ ಅಕ್ಕವ್ವನ ತಂಗಿ ಕೊಂಡಳು. ಸೀರೆ ಅಂಗಡಿಯವರು ಶಾಂಭವಿಯ ಹತ್ತಿರ ವಾಪಸು ಬಂದರು, ಪೇಢೆ ಅಂಗಡಿಯವರು ಬರಲಿಲ್ಲ. ಆ ತಿಂಗಳುಗಳ ಸಂಬಳವನ್ನು ಆಕೆ ಅವನಿಂದ ತೆಗೆದುಕೊಳ್ಳಲಿಲ್ಲ. ಕಪಾಟಿನ ಬಳೆಗಳನ್ನು ಮಷಿನ್ ಕೊಂಡವರಿಗೆ ಹಂಚಿ ಮುಗಿಸಿದರು.

ಆಕೆಗೆ ಸೇಡೂ ಸಿಕ್ಕಿತು, ಅವನೂ ಸಿಕ್ಕ. ಎರಡರ ಖರ್ಚನ್ನೂ ಅವನೇ ಕೊಟ್ಟ.